ಇಂಡಿ ಗೇಮ್‌ಗಳ ಮುಖಚಿತ್ರ

ದೊಡ್ಡ ಪ್ರಕಾಶನ ಸಂಸ್ಥೆಯ ಹಂಗಿಲ್ಲದೆ ಒಬ್ಬರೇ, ಇಲ್ಲವೇ ನಾಲ್ಕಾರು ಮಂದಿ ಸೇರಿ ಮಾಡುವ ವಿಡಿಯೊ ಗೇಮ್‌ಗಳಿಗೆ ಇಂಡಿ ಗೇಮ್ ಎಂದು ಹೆಸರು. ಅಂಥ ಆಟ ಆನ್‌ಲೈನ್ ಅಂಗಡಿಗೆ ಬಂದಾಗ ಅದರ ಹೆಸರನ್ನೂ ಸ್ವಭಾವವನ್ನೂ ಹೊತ್ತು ನಿಲ್ಲುವುದು ಮುಖಚಿತ್ರ. ಪಿಸಿ ಗೇಮ್‌ಗಳ ಅತಿ ದೊಡ್ಡ ಅಂಗಡಿಯಾದ ಸ್ಟೀಮ್ ಇದನ್ನು ‘ಕ್ಯಾಪ್ಸೂಲ್’ ಎನ್ನುತ್ತದೆ. ಕಸುಬಿನವರ ಬಾಯಲ್ಲೂ ಅದೇ ಮಾತು. ಟ್ರೇಲರ್, ಸ್ಕ್ರೀನ್‌ಶಾಟ್, ವಿವರಣೆ ಎಲ್ಲವೂ ಇರುವುದು ಆಟದ ಪುಟದೊಳಗೆ. ಆ ಪುಟವನ್ನು ತೆರೆಯುವ ಮೊದಲು ಗ್ರಾಹಕನ ಕಣ್ಣಿಗೆ ಬೀಳುವುದು ಬಹುಮಟ್ಟಿಗೆ ಈ ಚಿತ್ರ ಮತ್ತು ಬೆಲೆ, ಇಷ್ಟೇ.

ಅಂಗಡಿಯ ನೂಕುನುಗ್ಗಲು ಎಷ್ಟೆಂದು ತಿಳಿದರೆ ಇದರ ಮಹತ್ವ ತಿಳಿಯುತ್ತದೆ. ಅಮೆರಿಕದ ವಾಲ್ವ್ ಕಂಪನಿ 2003ರಲ್ಲಿ ಸ್ಟೀಮ್ ಶುರು ಮಾಡಿದಾಗ ಅದರಲ್ಲಿ ಇದ್ದದ್ದು ವಾಲ್ವ್‌ನದೇ ಆಟಗಳು. 2012ರಲ್ಲಿ ಬಂದ ಗ್ರೀನ್‌ಲೈಟ್ ವ್ಯವಸ್ಥೆಯಲ್ಲಿ ಹೊರಗಿನವರ ಆಟಗಳು ಬಳಕೆದಾರರ ಮತ ಗಳಿಸಿ ಒಳಬರಬೇಕಾಗಿತ್ತು. 2017ರ ಜೂನ್‌ನಲ್ಲಿ ಅದನ್ನೂ ಮುಚ್ಚಿ, ಆಟವೊಂದಕ್ಕೆ 100 ಡಾಲರ್ ಶುಲ್ಕ ಕಟ್ಟಿದವರಿಗೆ ಬಾಗಿಲು ತೆರೆಯಲಾಯಿತು. ಪರಿಣಾಮವಾಗಿ 2024ರ ಒಂದೇ ವರ್ಷದಲ್ಲಿ 18,000ಕ್ಕೂ ಹೆಚ್ಚು ಹೊಸ ಆಟಗಳು ಬಂದವು. ದಿನಕ್ಕೆ ಸುಮಾರು ಐವತ್ತು. ಇವುಗಳ ನಡುವೆ ತನ್ನ ಆಟವನ್ನು ಇಷ್ಟಪಡಬಹುದಾದ ವ್ಯಕ್ತಿಯ ಬೆರಳನ್ನು ಅರೆಗಳಿಗೆ ತಡೆದು ನಿಲ್ಲಿಸುವುದಷ್ಟೇ ಮುಖಚಿತ್ರದ ಕೆಲಸ. ಎಲ್ಲರನ್ನೂ ತಡೆಯಬೇಕಿಲ್ಲ. ಚೆಂದದ ಚಿತ್ರವೆಲ್ಲ ಒಳ್ಳೆಯ ಮುಖಚಿತ್ರ ಆಗದಿರುವುದಕ್ಕೆ ಕಾರಣವೂ ಇದೇ.

ಈ ಕಲೆ ಹುಟ್ಟಿದ್ದು ರಟ್ಟಿನ ಡಬ್ಬಿಯ ಮೇಲೆ. 1977ರಲ್ಲಿ ಬಂದ ಅಟಾರಿ 2600ರ ಪರದೆಯಲ್ಲಿ ಟ್ಯಾಂಕ್ ಎಂದರೆ ನಾಲ್ಕಾರು ಚೌಕಗಳ ಗುಂಪು. ಡಬ್ಬಿಯ ಮೇಲೆ ಮಾತ್ರ ಕ್ಲಿಫ್ ಸ್ಪಾನ್‌ನಂಥ ಕಲಾವಿದರು ಹೊಗೆ, ಬೆಂಕಿ, ಬೆವರಿದ ಮುಖಗಳನ್ನೆಲ್ಲ ಸೇರಿಸಿ ಸಿನಿಮಾ ಪೋಸ್ಟರ್‌ಗೆ ಕಡಿಮೆಯಿಲ್ಲದ ಚಿತ್ರ ಬರೆದರು. ಯಂತ್ರಕ್ಕೆ ತೋರಿಸಲಾಗದ್ದನ್ನು ಕುಂಚ ತೋರಿಸುತ್ತಿತ್ತು. ಉಳಿದದ್ದನ್ನು ಆಡುವ ಮಕ್ಕಳ ಕಲ್ಪನೆ ತುಂಬಿಕೊಳ್ಳುತ್ತಿತ್ತು.

ಎಡವಟ್ಟುಗಳಿಗೂ ಬರವಿರಲಿಲ್ಲ. 1987ರ ‘ಮೆಗಾ ಮ್ಯಾನ್’ ಆಟದ ನಾಯಕ ಕೈಯೇ ಬಂದೂಕಾದ ನೀಲಿ ರೋಬೋ ಹುಡುಗ. ಅಮೆರಿಕದ ಡಬ್ಬಿಯ ಮೇಲೆ ಕಾಣಿಸಿಕೊಂಡವನು ಹಳದಿ ನೀಲಿ ಉಡುಪು ತೊಟ್ಟು, ಪಿಸ್ತೂಲು ಹಿಡಿದು, ಸೊಟ್ಟಗೆ ನಿಂತ ನಡುವಯಸ್ಸಿನವ. ಆ ಚಿತ್ರ ಎಷ್ಟು ಕುಖ್ಯಾತವಾಯಿತೆಂದರೆ, ಆಟವನ್ನು ತಯಾರಿಸಿದ ಕ್ಯಾಪ್‌ಕಾಮ್ ಕಂಪನಿಯೇ 2012ರ ‘ಸ್ಟ್ರೀಟ್ ಫೈಟರ್ ಎಕ್ಸ್ ಟೆಕ್ಕೆನ್’ನಲ್ಲಿ ಅದೇ ಸೊಟ್ಟ ಮೆಗಾ ಮ್ಯಾನ್‌ನನ್ನು ತಮಾಷೆಯ ಪಾತ್ರವಾಗಿ ತಂದಿತು. 2008ರಲ್ಲಿ ಅದೇ ಕಂಪನಿಯ ‘ಓಕಾಮಿ’ ಆಟದ ವೀ ಆವೃತ್ತಿಯ ಮುಖಚಿತ್ರದಲ್ಲಿ ಐಜಿಎನ್ ಜಾಲತಾಣದ ವಾಟರ್‌ಮಾರ್ಕ್ ಹಾಗೆಯೇ ಅಚ್ಚಾಗಿ ಹೋಯಿತು. ತನ್ನದೇ ಆಟದ ಚಿತ್ರವನ್ನು ಕಂಪನಿ ಬೇರೆಯವರ ತಾಣದಿಂದ ಎತ್ತಿಕೊಂಡಿದ್ದು ಬಯಲಾಗಿ, ಕೊನೆಗೆ ಬದಲಿ ಹೊದಿಕೆಗಳನ್ನು ಉಚಿತವಾಗಿ ಕಳಿಸಿಕೊಡಬೇಕಾಯಿತು.

ಇದಕ್ಕೆ ತದ್ವಿರುದ್ಧ ‘ಈಕೋ’. 2001ರ ಈ ಆಟದ ನಿರ್ದೇಶಕ ಫುಮಿಟೊ ಉಯೆಡಾ ಜಪಾನ್ ಮತ್ತು ಯುರೋಪಿನ ಮುಖಚಿತ್ರವನ್ನು ತಾವೇ ಬರೆದರು. ಇಟಲಿಯ ವರ್ಣಚಿತ್ರಕಾರ ಜಾರ್ಜೊ ದೆ ಕಿರಿಕೊನ ಪ್ರಭಾವ ಅದರಲ್ಲಿ ಎದ್ದು ಕಾಣುತ್ತದೆ: ಬಿಸಿಲಿನ ಬಯಲು, ಉದ್ದುದ್ದ ನೆರಳು, ಆಕಾಶಕ್ಕೆ ಚಾಚಿದ ಕಟ್ಟಡ, ಅದರ ಕೆಳಗೆ ಇರುವೆಯಷ್ಟು ಚಿಕ್ಕ ಇಬ್ಬರು ಮಕ್ಕಳು. ಅಮೆರಿಕದಲ್ಲಿ ಇದನ್ನು ಬಿಟ್ಟು ಹುಡುಗನ ಮುಖವನ್ನು ಮುಂದೆ ನಿಲ್ಲಿಸಿದ ಕಂಪ್ಯೂಟರ್ ಚಿತ್ರವೊಂದನ್ನು ಹಾಕಿದರು. ಇಂದಿಗೂ ಜನ ನೆನೆಯುವುದು ಮೊದಲನೆಯದನ್ನು. ಆದರೂ ಒಂದು ಮಾತು ಹೇಳಲೇಬೇಕು. ಉಯೆಡಾ ಬರೆದ ಚಿತ್ರ ಅಂಗೈಯಲ್ಲಿ ಹಿಡಿಯುವ ಡಬ್ಬಿಗೆ ಹೊಂದುವಂಥದ್ದು. ಇಂದಿನ ಆನ್‌ಲೈನ್ ಪಟ್ಟಿಯ ಪುಟ್ಟ ಚೌಕಟ್ಟಿನಲ್ಲಿ ಆ ಮಕ್ಕಳಿಬ್ಬರೂ ಮಾಯವಾಗಿಬಿಡುತ್ತಾರೆ.

ಆ ಚೌಕಟ್ಟು ನಿಜಕ್ಕೂ ಪುಟ್ಟದು. ಸ್ಟೀಮ್‌ನಲ್ಲಿ ಒಂದೇ ಆಟಕ್ಕೆ ಹಲವು ಅಳತೆಯ ಚಿತ್ರಗಳನ್ನು ಕೊಡಬೇಕು. ಅಂಗಡಿ ಪುಟದ ನೆತ್ತಿಯಲ್ಲಿ ಕೂರುವ ಹೆಡರ್ ಕ್ಯಾಪ್ಸೂಲ್ 920×430 ಪಿಕ್ಸೆಲ್, ಮೊದಲ ಪುಟದಲ್ಲಿ ಮಿಂಚುವ ಅವಕಾಶ ಸಿಕ್ಕರೆ ಬಳಕೆಯಾಗುವ ಮುಖ್ಯ ಕ್ಯಾಪ್ಸೂಲ್ 1232×706, ದೊಡ್ಡ ರಿಯಾಯಿತಿ ಮಾರಾಟದ ಪುಟಗಳಿಗೆ ನಿಲುವಾದ 748×896, ಖರೀದಿಸಿದವರ ಲೈಬ್ರರಿಗೆ 600×900. ಎಲ್ಲಕ್ಕಿಂತ ಹೆಚ್ಚು ದುಡಿಯುವುದು 462×174ರ ಸಣ್ಣ ಕ್ಯಾಪ್ಸೂಲ್. ಹುಡುಕಾಟದ ಫಲಿತಾಂಶ, ಹೆಚ್ಚು ಮಾರಾಟವಾದವುಗಳ ಪಟ್ಟಿ, ಹೊಸತುಗಳ ಪಟ್ಟಿ ಎಲ್ಲೆಲ್ಲೂ ಅದೇ. ಕೆಲವು ಕಡೆ ಅದು 120×45 ಪಿಕ್ಸೆಲ್‌ವರೆಗೂ ಕುಗ್ಗುತ್ತದೆ. ಅಂಚೆಚೀಟಿಯನ್ನು ಅಡ್ಡಲಾಗಿ ಕತ್ತರಿಸಿದಷ್ಟು ಜಾಗ. ಅಲ್ಲಿ ಡ್ರ್ಯಾಗನ್ನಿನ ಹುರುಪೆ, ನಾಯಕಿಯ ಕಿವಿಯೋಲೆ, ದೂರದ ಕೋಟೆಯ ಕಿಟಕಿಯ ಬೆಳಕು ಯಾವುದೂ ಉಳಿಯುವುದಿಲ್ಲ. ಆದ್ದರಿಂದಲೇ ಸಣ್ಣ ಕ್ಯಾಪ್ಸೂಲನ್ನು ಬಹುತೇಕ ಆಟದ ಹೆಸರಿನಿಂದಲೇ ತುಂಬಿಸಬೇಕೆಂದು ವಾಲ್ವ್ ಸಲಹೆ ಕೊಡುತ್ತದೆ.

ಅನೇಕರು ಮುಗ್ಗರಿಸುವುದು ಇಲ್ಲೇ. ದೊಡ್ಡ ಚಿತ್ರವೊಂದನ್ನು ಮುದ್ದಾಗಿ ಬರೆಸಿ, ಅದನ್ನೇ ಎಲ್ಲ ಅಳತೆಗೂ ಕುಗ್ಗಿಸಿ ಹಾಕಿ ಕೈತೊಳೆದುಕೊಳ್ಳುತ್ತಾರೆ. ಅಡ್ಡ ಚೌಕಟ್ಟಿನಲ್ಲಿ ಸೊಗಸಾಗಿದ್ದ ಪಾತ್ರ ನಿಲುವು ಚೌಕಟ್ಟಿನಲ್ಲಿ ಮೊಣಕಾಲಿಗೆ ತುಂಡಾಗಿರುತ್ತದೆ. ಅನುಭವಿ ಕಲಾವಿದರು ಪಾತ್ರ, ಹಿನ್ನೆಲೆ, ಹೆಸರಿನ ಅಕ್ಷರ ಮೂರನ್ನೂ ಬೇರೆ ಬೇರೆ ಪದರಗಳಲ್ಲಿ ಇಟ್ಟುಕೊಂಡು, ಪ್ರತಿ ಅಳತೆಗೂ ಮರುಜೋಡಣೆ ಮಾಡುತ್ತಾರೆ. ಕಲಾವಿದರೊಂದಿಗೆ ಒಪ್ಪಂದ ಮಾಡಿಕೊಳ್ಳುವಾಗಲೇ ಈ ಪದರಗಳ ಫೈಲನ್ನು ಕೇಳಿ ಪಡೆಯದವರು ಆಮೇಲೆ ಪೇಚಾಡುತ್ತಾರೆ.

ಚಿಕ್ಕ ಗಾತ್ರದಲ್ಲೂ ಗೆಲ್ಲುವ ಮುಖಚಿತ್ರ ಹೇಗಿರುತ್ತದೆ ಎಂಬುದಕ್ಕೆ ‘ಹಾಲೋ ನೈಟ್’ ಒಳ್ಳೆಯ ನಿದರ್ಶನ. ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರ್ರಿ 2017ರಲ್ಲಿ ತಂದ ಆಟ ಇದು. ನಾಯಕ ಒಂದು ಪುಟ್ಟ ಹುಳು: ಬಿಳಿ ಮುಖವಾಡ, ಮೇಲೆ ಎರಡು ಕೊಂಬು, ಎರಡು ಕಪ್ಪು ಕಣ್ಣುಗುಳಿ. ಸುತ್ತಲೂ ಕತ್ತಲೆ, ನಡುವೆ ಆ ಬಿಳುಪು. ಚಿತ್ರವನ್ನು ಎಷ್ಟೇ ಕುಗ್ಗಿಸಿದರೂ ಕೊಂಬಿನ ಆಕಾರ ಅಳಿಯುವುದಿಲ್ಲ. ಕಲಾವಿದರು ಇದನ್ನು ಸಿಲೂಯೆಟ್ ಎನ್ನುತ್ತಾರೆ, ಒಳವಿವರವಿಲ್ಲದ ಹೊರರೇಖೆ. ‘ಅಮಾಂಗ್ ಅಸ್’ನ ಅವರೆಕಾಳಿನಂಥ ಗಗನಯಾತ್ರಿಗಳಿಗೂ, ಮೆಲ್ಬರ್ನಿನ ಹೌಸ್ ಹೌಸ್ ತಂಡ 2019ರಲ್ಲಿ ತಂದ ‘ಅನ್‌ಟೈಟಲ್ಡ್ ಗೂಸ್ ಗೇಮ್’ನ ಬಿಳಿ ಹೆಬ್ಬಾತಿಗೂ ಇದೇ ಬಲ. ಈ ಆಟಗಳಲ್ಲಿ ಮುಖಚಿತ್ರದ ಅರ್ಧ ಕೆಲಸ ಪಾತ್ರವನ್ನು ರೂಪಿಸಿದ ದಿನವೇ ಮುಗಿದಿತ್ತು ಎನ್ನಬಹುದು.

ಟೋಬಿ ಫಾಕ್ಸ್ 2015ರಲ್ಲಿ ಬಿಡುಗಡೆ ಮಾಡಿದ ‘ಅಂಡರ್‌ಟೇಲ್’ ಇನ್ನೂ ಜಿಪುಣ. ಕಪ್ಪು ಹಿನ್ನೆಲೆ, ಹಳೆಯ ಕಂಪ್ಯೂಟರಿನ ಬಿಳಿ ಅಕ್ಷರಗಳಲ್ಲಿ ಹೆಸರು, ಅಕ್ಷರಗಳ ನಡುವೆ ಒಂದು ಕೆಂಪು ಹೃದಯ. ಪಾತ್ರವೂ ಇಲ್ಲ, ದೃಶ್ಯವೂ ಇಲ್ಲ. ಆಟ ಆಡಿದವರಿಗೆ ಆ ಹೃದಯವೇ ಎಲ್ಲ ಎಂದು ಗೊತ್ತು. ಆಡದವರಿಗೂ ಇದು ಹಳೇ ಧಾಟಿಯ ಆಟ, ಇದರಲ್ಲೇನೋ ಭಾವುಕತೆ ಇದೆ ಎಂಬಷ್ಟು ತಲುಪುತ್ತದೆ. ಆದರೆ ಇದನ್ನು ನಕಲು ಮಾಡಲು ಹೊರಟವರೇ ಹೆಚ್ಚು ಸೋತಿದ್ದಾರೆ. ಫಾಕ್ಸ್‌ಗೆ ಆಟ ಬರುವ ಮೊದಲೇ, 2013ರ ಕಿಕ್‌ಸ್ಟಾರ್ಟರ್ ನಿಧಿಸಂಗ್ರಹದ ಕಾಲದಿಂದಲೇ ಅಭಿಮಾನಿಗಳಿದ್ದರು. ಹೆಸರೇ ಕೇಳದ ತಂಡ ಬರೀ ಕಪ್ಪು ಹಿನ್ನೆಲೆಯ ಮೇಲೆ ಹೆಸರು ಬರೆದಿಟ್ಟರೆ ಅದು ಏನನ್ನೂ ಹೇಳುವುದಿಲ್ಲ.

ಏನನ್ನು ಹೇಳಬೇಕು? ಮೊದಲು, ಇದು ಯಾವ ಬಗೆಯ ಆಟ ಎಂಬುದು. 2024ರ ಫೆಬ್ರವರಿಯಲ್ಲಿ ಬಂದು ಒಂದು ತಿಂಗಳೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾದ ‘ಬಲಾಟ್ರೊ’ವನ್ನು ನೋಡಿದರೆ ಸಾಕು. ಇದು ಪೋಕರ್ ಎಲೆಗಳ ಆಟ. ಮುಖಚಿತ್ರದಲ್ಲಿ ಜೋಕರ್ ಎಲೆ, ಹಿಂದೆ ಸುಳಿಸುಳಿಯಾಗಿ ಕಲಸಿದ ಕೆಂಪು ನೀಲಿ. ಇಸ್ಪೀಟ್ ಎಂದು ತಿಳಿಯಲು ಒಂದು ಕ್ಷಣ, ಇದು ಮಾಮೂಲಿ ಇಸ್ಪೀಟ್ ಅಲ್ಲ ಎಂದು ತಿಳಿಯಲು ಇನ್ನೊಂದು ಕ್ಷಣ. ಬರ್ಲಿನ್‌ನ ಟೌಕಾನಾ ತಂಡದ ‘ಡಾರ್ಫ್‌ರೊಮ್ಯಾಂಟಿಕ್’ನಲ್ಲಿ ಆಟಗಾರ ಷಟ್ಕೋನ ಬಿಲ್ಲೆಗಳನ್ನು ಜೋಡಿಸುತ್ತ ಊರು, ಕಾಡು, ಹೊಳೆಗಳ ನಕ್ಷೆ ಕಟ್ಟುತ್ತಾನೆ, ಮುಖಚಿತ್ರ ತೋರಿಸುವುದೂ ಅದೇ ಹಸಿರು ನೋಟವನ್ನು. ಭಯದ ಆಟಕ್ಕೆ ಕಪ್ಪು ಕೆಂಪು, ಹೊಲಗದ್ದೆಯ ನೆಮ್ಮದಿಯ ಆಟಕ್ಕೆ ತಿಳಿ ಹಸಿರು ಹಳದಿ, ನಗರ ಕಟ್ಟುವ ಆಟಕ್ಕೆ ಮೇಲಿನಿಂದ ನೋಡಿದ ದೃಶ್ಯ. ಇವೆಲ್ಲ ಸವಕಲು ರೂಢಿಗಳೇ. ಹಾಗೆಂದು ಮುರಿಯಲು ಹೋದರೆ ತನ್ನ ಆಟಗಾರನೇ ಗುರುತು ಹಿಡಿಯದೆ ಮುಂದೆ ಹೋಗುವ ಅಪಾಯವುಂಟು. ರೂಢಿಯನ್ನು ಮುಕ್ಕಾಲು ಪಾಲಿಸಿ ಕಾಲು ಪಾಲು ಬಗ್ಗಿಸಿದ ಮುಖಚಿತ್ರಗಳು ಹೆಚ್ಚು ಬಾಳಿಕೆ ಬಂದಿವೆ.

ರೂಢಿಯನ್ನು ಪೂರ್ತಿ ತಲೆಕೆಳಗು ಮಾಡಿದ ಒಂದು ಹಳೆಯ ಪ್ರಯೋಗವೂ ಇದೆ. ‘ಫೇಲ್ಯಾಂಕ್ಸ್’ ಎಂಬ ಆಕಾಶನೌಕೆಯ ಯುದ್ಧದ ಆಟದ ಅಮೆರಿಕನ್ ಡಬ್ಬಿಯ ಮೇಲೆ ಬ್ಯಾಂಜೊ ನುಡಿಸುತ್ತ ಕುಳಿತ ಗಡ್ಡದ ಅಜ್ಜ ಇದ್ದಾನೆ. ನೌಕೆ ಹಿಂದೆಲ್ಲೋ ಪುಟ್ಟದಾಗಿ ಹಾರುತ್ತಿದೆ. ಜನ ತಿರುಗಿ ನೋಡಲಿ ಎಂದೇ ಮಾಡಿದ್ದು. ಜನ ನೋಡಿದರು, ಇಂದಿಗೂ ಆ ಅಜ್ಜನನ್ನು ನೆನೆದು ನಗುತ್ತಾರೆ. ಆಟ ಹೇಗಿತ್ತೆಂದು ಕೇಳಿದರೆ ಹೇಳುವವರು ವಿರಳ.

ಇಂದು ಇಂಥ ಚೇಷ್ಟೆ ದುಬಾರಿ. 2015ರ ಜೂನ್‌ನಿಂದ ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ವಾಪಸ್ ಕೇಳಬಹುದು. ಮುಖಚಿತ್ರದಲ್ಲಿ ಭಯಾನಕ ಯುದ್ಧ ತೋರಿಸಿ ಒಳಗೆ ಒಗಟು ಬಿಡಿಸುವ ಆಟ ಇಟ್ಟರೆ ಕೊಂಡವನು ಆಟ ಹಿಂದಿರುಗಿಸುತ್ತಾನೆ, ಹೋಗುವಾಗ ಕೆಟ್ಟ ವಿಮರ್ಶೆಯನ್ನೂ ಬರೆದುಹೋಗುತ್ತಾನೆ.

ಹಾಗಾದರೆ ಮುಖಚಿತ್ರ ಆಟದ ಪರದೆಯ ಹಾಗೆಯೇ ಇರಬೇಕೆ? ಬೇಕಿಲ್ಲ. 2018ರ ‘ಸೆಲೆಸ್ಟ್’ ಚೌಕ ಚೌಕದ ಪಿಕ್ಸೆಲ್ ಆಟ. ನಾಯಕಿ ಮ್ಯಾಡಲಿನ್ ಪರದೆಯ ಮೇಲೆ ಹೆಬ್ಬೆರಳಿನ ಉಗುರಿನಷ್ಟಿದ್ದಾಳೆ. ಮುಖಚಿತ್ರದಲ್ಲಿ ಅವಳ ಕೆಂಪು ಕೂದಲು ಹಾರುತ್ತಿದೆ, ಹಿಂದೆ ಹಿಮದ ಪರ್ವತವಿದೆ, ಪಿಕ್ಸೆಲ್‌ನ ಸುಳಿವೇ ಇಲ್ಲ. ಬ್ರೆಜಿಲಿನ ಕಲಾವಿದೆ ಅಮೋರಾ ಬೆಟ್ಟನಿ ಬರೆದ ಈ ಚಿತ್ರವನ್ನು ಯಾರೂ ಮೋಸ ಎನ್ನಲಿಲ್ಲ. ಆಟದೊಳಗಿನ ಪಾತ್ರಗಳ ಮುಖಗಳನ್ನು ಬರೆದವರೂ ಅವರೇ. ಹತ್ತುವ ಛಲ, ಒಂಟಿತನ, ಚಳಿ ಮೂರೂ ಹೊರಗೂ ಒಳಗೂ ಒಂದೇ ಆಗಿದ್ದವು. ಭಾವ ಒಂದಾಗಿದ್ದರೆ ಶೈಲಿಯ ವ್ಯತ್ಯಾಸವನ್ನು ಆಟಗಾರ ಒಪ್ಪಿಕೊಳ್ಳುತ್ತಾನೆ.

ಬಣ್ಣದ ವಿಚಾರದಲ್ಲಿ ಒಂದು ಸಣ್ಣ ಸಂಗತಿ ಅನೇಕರ ಗಮನಕ್ಕೆ ಬರುವುದಿಲ್ಲ. ಸ್ಟೀಮ್‌ನ ಹಿನ್ನೆಲೆ ಕಡು ನೀಲಿ. ಅಂಚಿನವರೆಗೂ ಗಾಢವಾಗಿರುವ ಚಿತ್ರ ಅದರಲ್ಲಿ ಕರಗಿ, ಚೌಕಟ್ಟು ಎಲ್ಲಿ ಮುಗಿಯಿತೆಂದೇ ತಿಳಿಯುವುದಿಲ್ಲ. ಜೊತೆಗೆ, ಆಟವನ್ನು ವಿಷ್‌ಲಿಸ್ಟ್‌ಗೆ, ಅಂದರೆ ಮುಂದೆ ಕೊಳ್ಳಲೆಂದು ಗುರುತಿಟ್ಟುಕೊಳ್ಳುವ ಯಾದಿಗೆ, ಸೇರಿಸಿಕೊಂಡವರಿಗೆ ಚಿತ್ರದ ಮೇಲಿನ ಎಡಮೂಲೆಯಲ್ಲಿ ಒಂದು ಪುಟ್ಟ ಪಟ್ಟಿ ಕಾಣಿಸುತ್ತದೆ. ಹೆಸರಿನ ಮೊದಲ ಅಕ್ಷರ ಅಲ್ಲೇ ಇದ್ದರೆ ಅದು ಮುಚ್ಚಿಹೋಗುತ್ತದೆ. ಆದ್ದರಿಂದ ಚಿತ್ರವನ್ನು ಬಿಳಿ ಹಾಳೆಯ ಮೇಲಿಟ್ಟು ಮೆಚ್ಚುವ ಬದಲು, ಸ್ಟೀಮ್‌ನ ಹುಡುಕಾಟದ ಪುಟದ ಸ್ಕ್ರೀನ್‌ಶಾಟ್ ತೆಗೆದು, ಅದೇ ಬಗೆಯ ಬೇರೆ ಆಟಗಳ ನಡುವೆ ತಮ್ಮದನ್ನು ಅಂಟಿಸಿ ನೋಡುವುದು ಬಲ್ಲವರ ಪದ್ಧತಿ. ಬಣ್ಣ ತೆಗೆದು ಬರೀ ಬೂದು ಛಾಯೆಯಲ್ಲೂ ನೋಡುತ್ತಾರೆ: ಪಾತ್ರ ಮತ್ತು ಹಿನ್ನೆಲೆ ಒಂದೇ ಬೂದಾಗಿ ಬೆರೆತರೆ ಯಾವ ಬಣ್ಣ ಬಳಿದರೂ ಆ ಚಿತ್ರ ಎದ್ದು ಕಾಣದು.

ಅಂಗಡಿಗಳಿಗೆ ಅವುಗಳದೇ ಕಟ್ಟಳೆಗಳಿವೆ. ಒಂದು ಕಾಲದಲ್ಲಿ ಸ್ಟೀಮ್‌ನ ಮುಖಚಿತ್ರಗಳ ತುಂಬ ‘10ಕ್ಕೆ 9’, ‘ವರ್ಷದ ಶ್ರೇಷ್ಠ ಆಟ’, ‘ಈಗ ರಿಯಾಯಿತಿ’ ಎಂಬ ಬಿಲ್ಲೆಗಳೇ ಗಿಜಿಗುಡುತ್ತಿದ್ದವು. 2022ರ ಸೆಪ್ಟೆಂಬರ್ 1ರಿಂದ ವಾಲ್ವ್ ಇದಕ್ಕೆಲ್ಲ ಕತ್ತರಿ ಹಾಕಿತು. ಕ್ಯಾಪ್ಸೂಲ್ ಮೇಲೆ ಆಟದ ಚಿತ್ರ, ಹೆಸರು ಮತ್ತು ಅಧಿಕೃತ ಉಪಶೀರ್ಷಿಕೆ ಮಾತ್ರ ಇರಬೇಕು. ದೊಡ್ಡ ಅಪ್‌ಡೇಟ್ ಬಂದಾಗ ತಾತ್ಕಾಲಿಕ ಚಿತ್ರವೊಂದನ್ನು ಹಾಕಬಹುದು, ಅದೂ ಒಂದು ತಿಂಗಳ ಮಟ್ಟಿಗೆ. ಈ ನಿಯಮದಿಂದ ಹೆಚ್ಚು ಲಾಭವಾದದ್ದು ಪ್ರಶಸ್ತಿಯಿಲ್ಲದ ಸಣ್ಣ ತಂಡಗಳಿಗೆ. ಇಂಡಿ ಪ್ರಯೋಗಗಳ ತವರಾದ ಇಚ್.ಐಒ ತಾಣ ಇಷ್ಟು ಕಟ್ಟುನಿಟ್ಟಲ್ಲ. ಅಲ್ಲಿ 630×500ರ ಒಂದೇ ಚಿತ್ರ ಸಾಕು, ಅದು ಚಲಿಸುವ ಜಿಐಎಫ್ ಕೂಡ ಆಗಬಹುದು. ಗೂಗಲ್ ಪ್ಲೇಯಲ್ಲಿ 512×512ರ ಐಕಾನ್‌ನದೇ ಆಳ್ವಿಕೆ.

ಪರೀಕ್ಷೆಯ ಅನುಕೂಲವೂ ಅಂಗಡಿಯಿಂದ ಅಂಗಡಿಗೆ ಬೇರೆ. ಗೂಗಲ್ ಪ್ಲೇ ಎರಡು ಚಿತ್ರಗಳನ್ನು ಏಕಕಾಲಕ್ಕೆ ಬೇರೆ ಬೇರೆ ಜನರಿಗೆ ತೋರಿಸಿ ಯಾವುದು ಗೆದ್ದಿತೆಂದು ಲೆಕ್ಕ ಕೊಡುತ್ತದೆ. ಸ್ಟೀಮ್ ಕೊಡುವುದು ಚಿತ್ರ ಎಷ್ಟು ಬಾರಿ ಕಣ್ಣಿಗೆ ಬಿತ್ತು, ಎಷ್ಟು ಮಂದಿ ಪುಟಕ್ಕೆ ಬಂದರು ಎಂಬ ಅಂಕಿಅಂಶ. ಚಿತ್ರ ಬದಲಿಸುವ ಮುಂಚೆ, ಬದಲಿಸಿದ ಮೇಲೆ ಎಂದು ಹೋಲಿಸಿಕೊಳ್ಳಬಹುದು. ಆದರೆ ನಡುವೆ ರಿಯಾಯಿತಿ ಮಾರಾಟವೊಂದು ಬಂದುಹೋದರೆ ಆ ಹೋಲಿಕೆಗೆ ಬೆಲೆಯಿಲ್ಲ.

ಖರ್ಚಿನ ಮಾತು. ಕ್ಯಾಪ್ಸೂಲ್ ಬರೆಯುವುದನ್ನೇ ಕಸುಬಾಗಿಸಿಕೊಂಡ ಕಲಾವಿದರು ಕೆಲವು ನೂರು ಡಾಲರಿನಿಂದ ಸಾವಿರ ದಾಟುವವರೆಗೆ ಕೇಳುತ್ತಾರೆ. ಎಲ್ಲವನ್ನೂ ತಾವೇ ಮಾಡುವ ಇಂಡಿಗಳಿಗೆ ಇದು ದೊಡ್ಡ ಮೊತ್ತ. ಗೇಮ್ ಮಾರಾಟದ ಬಗ್ಗೆ ಬರೆಯುವ ಕ್ರಿಸ್ ಜುಕೋವ್‌ಸ್ಕಿಯಂಥವರು ಮಾತ್ರ, ಬೇರೆಲ್ಲಿ ಬೇಕಾದರೂ ಉಳಿಸಿ, ಇಲ್ಲಿ ಕಲಾವಿದರನ್ನೇ ಹಿಡಿಯಿರಿ ಎಂದು ಹೇಳುತ್ತಲೇ ಬಂದಿದ್ದಾರೆ. ಕೃತಕ ಬುದ್ಧಿಮತ್ತೆಯಿಂದ ಪುಕ್ಕಟೆ ಚಿತ್ರ ಮಾಡಿಕೊಳ್ಳುವ ಆಸೆ ಈಗ ಹೊಸದಾಗಿ ಸೇರಿದೆ. 2024ರ ಜನವರಿಯಿಂದ ಆಟದಲ್ಲಿ ಎಐ ಬಳಸಿದ್ದರೆ ಅದನ್ನು ಘೋಷಿಸಬೇಕೆಂದು ವಾಲ್ವ್ ನಿಯಮ ಮಾಡಿದೆ, ಆ ಘೋಷಣೆ ಅಂಗಡಿ ಪುಟದಲ್ಲಿ ಎಲ್ಲರಿಗೂ ಕಾಣುತ್ತದೆ. ಇಂಡಿ ಆಟಗಾರರಲ್ಲಿ ಒಂದು ವರ್ಗ ಅಂಥ ಚಿತ್ರ ಕಂಡರೆ ಮೂಗು ಮುರಿಯುತ್ತದೆ. ಮುಖವನ್ನೇ ಹೀಗೆ ಮಾಡಿದವರು ಆಟವನ್ನು ಹೇಗೆ ಮಾಡಿರಬಹುದು ಎಂಬ ಅನುಮಾನ ಅವರದು.

ಮುಖಚಿತ್ರವಿಲ್ಲದೆ ಗೆಲುವೇ ಇಲ್ಲ ಎಂದರೆ ಅತಿಶಯೋಕ್ತಿ. ಲೂಕಾ ಗಲಾಂಟೆ 2021ರ ಕೊನೆಯಲ್ಲಿ ಸ್ಟೀಮ್‌ಗೆ ತಂದ ‘ವ್ಯಾಂಪೈರ್ ಸರ್ವೈವರ್ಸ್’ನ ಮೊದಲ ರೂಪ ಹೆಚ್ಚಾಗಿ ಕೊಂಡುತಂದ ಸಿದ್ಧ ಚಿತ್ರಗಳಿಂದ ಕಟ್ಟಿದ್ದು. ಅದು ಹಬ್ಬಿದ್ದು ಯೂಟ್ಯೂಬ್ ಮತ್ತು ಟ್ವಿಚ್‌ನಲ್ಲಿ ಆಡಿ ತೋರಿಸಿದವರಿಂದ, ಕಡಿಮೆ ಬೆಲೆಯಿಂದ. 2023ರಲ್ಲಿ ಬಾಫ್ಟಾದ ಶ್ರೇಷ್ಠ ಆಟ ಪ್ರಶಸ್ತಿಯೂ ಅದಕ್ಕೆ ಬಂತು. ಇಂಥ ಅದೃಷ್ಟವನ್ನು ನೆಚ್ಚಿ ಕೂರುವುದು ಮಾತ್ರ ಯೋಜನೆಯಲ್ಲ.

ಭಾರತದ ಇಂಡಿ ಆಟಗಳಲ್ಲಿ ಮುಖಚಿತ್ರದ ಮಟ್ಟಿಗೆ ನೆನೆಯಬೇಕಾದದ್ದು ಪುಣೆಯ ನಾಡಿಂಗ್ ಹೆಡ್ಸ್ ತಂಡದ ‘ರಾಜಿ: ಆ್ಯನ್ ಏನ್ಷೆಂಟ್ ಎಪಿಕ್’. 2020ರಲ್ಲಿ ಬಂದ ಇದರಲ್ಲಿ ರಾಜಸ್ಥಾನದ ಕೋಟೆಗಳ ಛಾಯೆಯಿದೆ, ಪಹಾಡಿ ಚಿತ್ರಶೈಲಿಯ ಗುರುತುಗಳಿವೆ. ಆಯುಧ ಹಿಡಿದ ಭಾರತೀಯ ಹುಡುಗಿಯೊಬ್ಬಳು ವಿದೇಶಿ ನೈಟ್‌ಗಳು ಮತ್ತು ಸಾಮುರಾಯ್‌ಗಳ ಸಾಲಿನಲ್ಲಿ ನಿಂತಾಗ ಬೇರೆಯಾಗಿ ಕಾಣದೆ ಇರಲು ಸಾಧ್ಯವಿರಲಿಲ್ಲ.

ಕನ್ನಡದಲ್ಲಿ ಹೆಸರಿಡಬೇಕೆಂಬ ತಂಡದ ಎದುರು ಬೇರೆಯೇ ಸವಾಲಿದೆ. ಇಂಗ್ಲಿಷ್‌ನ ದೊಡ್ಡಕ್ಷರಗಳು ಒಂದೇ ಎತ್ತರದ ಪಟ್ಟಿಯಲ್ಲಿ ಕೂರುತ್ತವೆ. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ‘ರಾಷ್ಟ್ರ’ ಎಂಬ ಒಂದು ಪದಕ್ಕೇ ಷಕಾರದ ಕೆಳಗೆ ಎರಡು ಒತ್ತುಗಳಿಗೆ ಜಾಗ ಬೇಕು. ಕುಗ್ಗಿದ ಸಣ್ಣ ಕ್ಯಾಪ್ಸೂಲಿನ 45 ಪಿಕ್ಸೆಲ್ ಎತ್ತರದಲ್ಲಿ ಅಕ್ಷರದ ಒಡಲಿಗೆ ಉಳಿಯುವುದು ಅರ್ಧಕ್ಕಿಂತ ಕಡಿಮೆ, ಅಷ್ಟರಲ್ಲಿ ‘ದ’ ಮತ್ತು ‘ಧ’ದ ವ್ಯತ್ಯಾಸ, ‘ಪ’ ಮತ್ತು ‘ಷ’ದ ವ್ಯತ್ಯಾಸ ಅಳಿಸಿಹೋಗುತ್ತದೆ. ಕಂಪ್ಯೂಟರಿನ ಸಿದ್ಧ ಫಾಂಟ್ ಇಲ್ಲಿ ಕೈಕೊಡುತ್ತದೆ. ಒತ್ತುಗಳನ್ನು ಪಕ್ಕಕ್ಕೆ ಸರಿಸಿ, ಒಡಲನ್ನು ಹಿಗ್ಗಿಸಿ ಕೈಯಲ್ಲೇ ಬರೆದ ಅಕ್ಷರ ಬೇಕು. ಆ ವಿದ್ಯೆ ಕನ್ನಡಕ್ಕೆ ಹೊಸತೇನಲ್ಲ: ಸಿನಿಮಾ ಪೋಸ್ಟರ್‌ಗಳಲ್ಲೂ ‘ಸುಧಾ’, ‘ಮಯೂರ’ದಂಥ ಪತ್ರಿಕೆಗಳ ಕಥೆಗಳ ನೆತ್ತಿಯಲ್ಲೂ ಕಲಾವಿದರು ಶೀರ್ಷಿಕೆಯನ್ನು ಕೈಯಲ್ಲೇ ಬರೆಯುತ್ತಿದ್ದರು. ಚಿಕ್ಕ ಗಾತ್ರದಲ್ಲಿ ನಿಲ್ಲಬೇಕೆಂದರೆ ಒತ್ತಕ್ಷರ ಕಡಿಮೆಯಿರುವ ಎರಡು ಮೂರು ಅಕ್ಷರದ ಹೆಸರನ್ನು ಆರಿಸಿಕೊಳ್ಳುವುದು ಎಲ್ಲಕ್ಕಿಂತ ಸುಲಭದ ದಾರಿ, ಮತ್ತು ಅದನ್ನು ಆಟಕ್ಕೆ ನಾಮಕರಣ ಮಾಡುವಾಗಲೇ ಯೋಚಿಸಬೇಕು. ಸ್ಟೀಮ್ ಪುಟ ಜನರ ಮುಂದೆ ಬಂದು ವಿಷ್‌ಲಿಸ್ಟ್‌ಗಳು ಸೇರತೊಡಗಿದ ಮೇಲೆ ಹೆಸರು ಬದಲಿಸುವುದು ಚಿತ್ರ ಬದಲಿಸಿದಷ್ಟು ಹಗುರವಲ್ಲ.